ಹಸೆಗೋಡೆಗೆ ಬಂದ ಪಿಯಾನೊ

"ಅಷ್ಟು ದೊಡ್ಡದನ್ನ ತಂದು ಇಡೋದಾದ್ರೂ ಎಲ್ಲಿ?"

ಕೆರಿಯಮ್ಮ ಕೇಳಿದ್ದು ಯಾರನ್ನೂ ಅಲ್ಲ. ಮಗ ರಾಜೇಂದ್ರ ಟ್ರ್ಯಾಕ್ಟರ್ ಬಿಡಿಭಾಗದ ತನ್ನ ಅಂಗಡಿಗೆ ಹೋಗಿಯಾಗಿತ್ತು. ಸೊಸೆ ಸುಷ್ಮಾ ಸೊಸೈಟಿಯ ಕೆಲಸಕ್ಕೆ, ಮೊಮ್ಮಗಳು ಭವ್ಯಾ ಕಾಲೇಜಿಗೆ. ನಡುಮನೆಯಲ್ಲಿ ಉಳಿದದ್ದು ಅವಳು, ಮೊರದಲ್ಲಿ ಅಕ್ಕಿ, ಎದುರಿಗೆ ಗೋಡೆ. ಅವಳು ಮಾತಾಡಿದ್ದು ಗೋಡೆಯ ಕಡೆ ನೋಡಿಕೊಂಡೇ.

ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಭವ್ಯಾ ಮಾತು ತೆಗೆದಿದ್ದಳು. ಅಪ್ಪ ಕೊಡಿಸುತ್ತೇನೆಂದ ಸ್ಕೂಟರ್ ತನಗೆ ಬೇಡ, ಅದೇ ದುಡ್ಡಿಗೆ ಪಿಯಾನೊ ಬೇಕು. ಹಿಂದಿನ ಬೀದಿಯ ಸೆಲೀನ್ ಟೀಚರ ಬಳಿ ಅವಳು ಚಿಕ್ಕಂದಿನಿಂದ ಪಾಠ ಹೇಳಿಸಿಕೊಳ್ಳುತ್ತಿದ್ದಳು. ಹಪ್ಪಳ ಕೊಟ್ಟು ಬಾ ಎಂದು ಕೆರಿಯಮ್ಮನೇ ಕಳಿಸಿದ್ದ ಹುಡುಗಿ ಹಪ್ಪಳ ಕೊಟ್ಟು ಅಲ್ಲೇ ಕೂತುಬಿಟ್ಟಿದ್ದಳು, ಅಷ್ಟೇ ಶುರು. ಮನೆಯಲ್ಲಿ ಅಭ್ಯಾಸಕ್ಕೆ ಇದ್ದದ್ದು ತೊಡೆಯ ಮೇಲಿಟ್ಟುಕೊಳ್ಳುವ ಒಂದು ಕೀಬೋರ್ಡು.

"ಕೀಬೋರ್ಡ್ ಇದ್ಯಲ್ಲೆ. ಕೆಟ್ಟಿಲ್ವಲ್ಲ," ಎಂದಿದ್ದ ರಾಜೇಂದ್ರ.

"ಅದ್ರ ಕೀಗೆ ತೂಕ ಇಲ್ಲಪ್ಪ. ಒತ್ತಿದ್ರೂ ಒಂದೇ, ಮುಟ್ಟಿದ್ರೂ ಒಂದೇ. ಬೆರಳಿಗೆ ಬಲಾನೇ ಬರಲ್ಲ. ಮುಂದಿನ ಪರೀಕ್ಷೆಗೆ ಇದ್ರಲ್ಲಿ ಆಗೋದೇ ಇಲ್ಲ ಅಂದ್ರು ಟೀಚರು."

"ಬೆರಳಿಗೆ ಬಲ ಬೇಕಾದ್ರೆ ದಿನಾ ಬೆಳಿಗ್ಗೆ ಎರಡು ಕಾಯಿ ತುರಿ," ಎಂದಳು ಸುಷ್ಮಾ. ರಾಜೇಂದ್ರ ನಕ್ಕ. ಭವ್ಯಾ ನಗಲಿಲ್ಲ. ಬಡಿಸಿದ ಕೆಸುವಿನ ಪಲ್ಯವನ್ನೂ ಮುಟ್ಟದೆ, "ಟೀಚರ ಮನೇಲೇ ಅಭ್ಯಾಸ ಮಾಡೋಣ ಅಂದ್ರೆ ಈಗ ಅಲ್ಲಿ ಬೇರೆ ಮಕ್ಕಳ ಸಾಲು. ನಾನು ವಾರಕ್ಕೆ ಎರಡು ಸಲ ಮುಟ್ಟಿದ್ರೆ ಹೆಚ್ಚು. ಹೀಗೇ ಆದ್ರೆ ಬಿಟ್ಟೇ ಬಿಡ್ತೀನಿ," ಎಂದಳು.

ಮಗಳು ಏನನ್ನಾದರೂ ಬಿಡುತ್ತೇನೆಂದರೆ ರಾಜೇಂದ್ರನಿಗೆ ಆಗುತ್ತಿರಲಿಲ್ಲ. ಅವನು ತಾನೇ ಪಿಯುಸಿ ಅರ್ಧಕ್ಕೆ ಬಿಟ್ಟವನು. ಕೈ ತೊಳೆದು ಬರುವಷ್ಟರಲ್ಲಿ ಒಪ್ಪಿಯಾಗಿತ್ತು.

ಉಳಿದದ್ದು ಜಾಗದ ಪ್ರಶ್ನೆ. ಸೆಲೀನ್ ಟೀಚರು ಮೊದಲೇ ಹೇಳಿ ಕಳಿಸಿದ್ದರು. ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ಅಪ್‌ರೈಟ್ ಪಿಯಾನೊವೇ ಮನೆಗೆ ಸರಿ, ಆದರೆ ಹೊರಗೋಡೆಗೆ ಇಡಬಾರದು, ಮಳೆಗಾಲಕ್ಕೆ ಹೊರಗೋಡೆ ಬೆವರುತ್ತದೆ. ಕಿಟಕಿಯ ಬಿಸಿಲು ಬೀಳಬಾರದು, ಅಡಿಗೆಮನೆಯ ಹಬೆ ತಾಗಬಾರದು. ಹಾಗೆ ಕಳೆಯುತ್ತಾ ಬಂದರೆ ಆ ಮನೆಯಲ್ಲಿ ಉಳಿಯುವುದು ಒಂದೇ ಗೋಡೆ, ಮದುವೆಯ ಚಿತ್ತಾರ ಇದ್ದ ನಡುಮನೆಯ ಹಸೆಗೋಡೆ.

ಸಾಗರದ ಹೊಸ ಬಡಾವಣೆಯ ಸಿಮೆಂಟಿನ ಮನೆ ಅದು. ರಾಜೇಂದ್ರನ ಮದುವೆ ಗೊತ್ತಾದಾಗ ಕೆರಿಯಮ್ಮನ ಅಕ್ಕ ಹೂವಮ್ಮ ಹೊಸನಗರದ ಕಡೆಯಿಂದ ಬಸ್ಸಿನಲ್ಲಿ ಕೆಮ್ಮಣ್ಣಿನ ಚೀಲ ಹೊತ್ತುಕೊಂಡು ಬಂದಿದ್ದಳು. "ಮದುಮಕ್ಕಳು ಬರೀ ಸುಣ್ಣದ ಗೋಡೆ ಮುಂದೆ ಕೂರೋದಾ? ನಾವೇನು ಆಸ್ಪತ್ರೇಲಿ ಮದ್ವೆ ಮಾಡ್ತಿದೀವಾ?" ಎಂದು ಸಿಮೆಂಟಿನ ಮೇಲೇ ಕೆಮ್ಮಣ್ಣು ಬಳಿಸಿ, ಪುಂಡಿನಾರಿನ ಕುಂಚ ಕಟ್ಟಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದಳು. ನಡುವೆ ದಂಡಿಗೆಯಲ್ಲಿ ಕೂತ ಹೆಣ್ಣುಗಂಡು, ಸುತ್ತ ಮೂರೆಳೆ, ಐದೆಳೆಯ ಪಟ್ಟಿ, ಮೇಲೆ ಸಾಲುಹಕ್ಕಿ. ಹುರಿದ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ. ಅವಳು ಬರೆಯುವಾಗ ಕೆರಿಯಮ್ಮ ಹಿಂದೆ ಕೂತು ಹಸೆಹಾಡು ಹೇಳಿದ್ದಳು. ಭವ್ಯಾ ಹುಟ್ಟಿದ ವರ್ಷ ಹೂವಮ್ಮ ತೀರಿಕೊಂಡಳು. ಅವಳ ಕೈಯ ಬರಹ ಭೂಮಿಯ ಮೇಲೆ ಉಳಿದದ್ದು ಅದೊಂದೇ ಗೋಡೆಯಲ್ಲಿ. ಊರಲ್ಲಿ ಅವಳು ಬರೆದದ್ದೆಲ್ಲ ಮಣ್ಣಿನ ಮನೆಗಳನ್ನು ಕೆಡವಿದಾಗ ಅವುಗಳ ಜೊತೆಯಲ್ಲೇ ಹೋಗಿತ್ತು.

ಸಂಜೆ ಅಂಗಡಿಯಿಂದ ಬಂದ ರಾಜೇಂದ್ರ ಮಾತ್ರ ಹಗುರಾಗಿ ಹೇಳಿದ: "ಚಿತ್ತಾರ ಹಿಂದೆ ಇರ್ಲಿ ಬಿಡವ್ವ. ಪಿಯಾನೊ ಮುಂದೆ ನಿಂತ್ರೆ ಅದೇನು ಓಡಿಹೋಗತ್ತಾ?"

"ಹಸೆಗೆ ಬೆನ್ನು ಹಾಕಿ ಯಾವುದನ್ನೂ ಇಡಬಾರ್ದು ಮಾರಾಯ. ಇದ್ರೆ ಕಣ್ಣಿಗೆ ಕಾಣ್ಬೇಕು. ಇಲ್ಲಾಂದ್ರೆ ತೊಳೀಬೇಕು. ಮುಚ್ಚಿಡೋದು ಅಂತ ಇಲ್ಲ."

"ಯಾರು ಹೇಳಿದ್ದು?"

"ಹೇಳೋರು ಯಾರೂ ಇಲ್ಲ ಈಗ. ಅದಕ್ಕೇ ನಾ ಹೇಳ್ತಿದೀನಿ."

*

ಭಾನುವಾರ ಬೆಳಿಗ್ಗೆ ಅಕ್ಕಿರೊಟ್ಟಿ ಕಟ್ಟಿಕೊಂಡು ಎಲ್ಲರೂ ಓಮ್ನಿಯಲ್ಲಿ ಹೊರಟರು. ಸೆಲೀನ್ ಟೀಚರೂ ಬಂದರು. ಮೊದಲು ತೀರ್ಥಹಳ್ಳಿ, ಬರುವಾಗ ಹೊಸನಗರ. ಎರಡು ಕಡೆ ಮಾರುವ ಪಿಯಾನೊ ಇದೆಯೆಂದು ಪತ್ತೆ ಮಾಡಿದ್ದು ಟೀಚರೇ. ದಾರಿಯುದ್ದಕ್ಕೂ ಅವರು ಭವ್ಯಾಗೆ ಹೇಳಿಕೊಡುತ್ತಾ ಬಂದರು.

"ಮೊದ್ಲು ಹೊಳಪು ನೋಡಬೇಡ. ಒಂದೊಂದೇ ಕೀ ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ ಒತ್ತು. ಮೆತ್ತಗೆ ಒತ್ತಿದಾಗಲೂ ಮಾತಾಡತ್ತಾ ನೋಡು. ಆಮೇಲೆ ಒಂದೇ ಕೀನ ಬೇಗ ಬೇಗ. ಬಿಟ್ಟ ತಕ್ಷಣ ಎದ್ದು ಬರ್ಬೇಕು."

"ಹೆಣ್ಣು ನೋಡಕ್ಕೆ ಹೋದ ಹಾಗಾಯ್ತಲ್ಲ," ಎಂದ ರಾಜೇಂದ್ರ, ಗೇರು ಬದಲಿಸುತ್ತಾ.

"ನೀವು ನನ್ನ ನೋಡಕ್ಕೆ ಬಂದಾಗ ಇಷ್ಟೂ ನೋಡ್ಲಿಲ್ಲ. ಎರಡು ಕೋಡುಬಳೆ ತಿಂದು ಹೂಂ ಅಂದ್ರಿ," ಎಂದಳು ಸುಷ್ಮಾ.

ತೀರ್ಥಹಳ್ಳಿಯ ಮನೆ ಗಣೇಶಮೂರ್ತಿ ಎಂಬವರದು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರ ತಂದೆ ಯಾವುದೋ ಕಾಫಿ ಎಸ್ಟೇಟು ಮಾರಿದ ದೊರೆಯಿಂದ ಕೊಂಡ ಪಿಯಾನೊ, ಅಕ್ಕ ನುಡಿಸುತ್ತಿದ್ದದ್ದು, ಈಗ ಮನೆಮಂದಿಯ ಫೋಟೋ ಇಡುವ ಮಂಚಿಕೆ. ಫೋಟೋಗಳನ್ನು ಒಂದೊಂದಾಗಿ ಕೆಳಗಿಳಿಸಿ, ಹೆಗಲ ಮೇಲಿನ ಟವೆಲಿನಿಂದ ಧೂಳು ಒರೆಸಿ, "ಕೂತ್ಕೊಳಮ್ಮ," ಎಂದರು. ಕಂದು ಬಣ್ಣದ ಗಿಡ್ಡ ಪಿಯಾನೊ. ಕೆರಿಯಮ್ಮನ ಸೊಂಟಕ್ಕಿಂತ ಒಂದು ಗೇಣು ಮೇಲೆ, ಅಷ್ಟೇ.

ಭವ್ಯಾ ಎಡತುದಿಯ ಹತ್ತಿರದ ಒಂದು ಕೀಯನ್ನು ಮೆಲ್ಲಗೆ ಒತ್ತಿ ಹಿಡಿದಳು.

ಕೆರಿಯಮ್ಮ ಕಾಫಿ ಲೋಟವನ್ನು ಕೆಳಗಿಟ್ಟಳು.

ಅವಳ ತವರಿನಲ್ಲಿ ಕುಯ್ಲು ಮುಗಿದು ಕೈಬಿಡುವಾದ ತಿಂಗಳಲ್ಲಿ ಕಾವ್ಯ ಓದಿಸುತ್ತಿದ್ದರು. ಪದ್ಯ ಓದುವವರು ದೀಪ ಹಚ್ಚುವ ಹೊತ್ತಿಗೆ ಬಂದು, ಕಾಲು ತೊಳೆದು, ಜಗಲಿಯ ಮಣೆಯ ಮೇಲೆ ಕೂರುತ್ತಿದ್ದರು. ಗಂಡಸರೆಲ್ಲ ಜಗಲಿಯಲ್ಲಿ. ಹೆಂಗಸರು ಒಳಗಿನ ಕತ್ತಲಲ್ಲಿ, ಬಾಗಿಲ ಸಂದಿಯಲ್ಲಿ. ಪದ್ಯಕ್ಕೆ ಮುಂಚೆ ಅವರು ಬರೀ ಒಂದು ಸ್ವರ ಹಿಡಿಯುತ್ತಿದ್ದರು, ಮಾತಿಲ್ಲದೆ, ತಗ್ಗಿನಲ್ಲಿ. ಆ ಸ್ವರ ಬಂದರೆ ತೊಟ್ಟಿಲ ಮಕ್ಕಳೂ ಸುಮ್ಮನಾಗುತ್ತಿದ್ದವು. ಕೆರಿಯಮ್ಮನಿಗೆ ಪದ್ಯದ ಅರ್ಥ ಅರ್ಧ ಗೊತ್ತಾಗುತ್ತಿರಲಿಲ್ಲ. ಕೈ ಜೋಡಿಸಿ ಕೂತು ಕೇಳುತ್ತಿದ್ದಳು. ದೇವರು ಬರುವ ಮುಂಚೆ ಬಾಗಿಲು ತೆಗೆದ ಸದ್ದು ಅದು ಎಂದೇ ಅವಳು ತಿಳಿದಿದ್ದಳು. ತಿಳಿದದ್ದನ್ನು ಯಾರಿಗೂ ಹೇಳಿರಲಿಲ್ಲ.

ಆ ಸ್ವರ ಈಗ ಈ ಕಂದು ಪೆಟ್ಟಿಗೆಯ ಒಳಗಿಂದ ಬಂದು, ಗಣೇಶಮೂರ್ತಿಗಳ ನಡುಮನೆಯಲ್ಲಿ ಸ್ವಲ್ಪ ಹೊತ್ತು ನಿಂತು, ಹೋಯಿತು.

"ಇದೇ," ಎಂದಳು ಕೆರಿಯಮ್ಮ.

ಯಾರೂ ಕೇಳಿಸಿಕೊಳ್ಳಲಿಲ್ಲ. ಭವ್ಯಾ ಟೀಚರ ಕಡೆ ತಿರುಗಿ, "ಟೀಚರ್, ಇಲ್ಲಿ ಐದಾರು ಒತ್ತಿದ್ದು ಏಳ್ತಾನೇ ಇಲ್ಲ," ಎಂದಳು. ಟೀಚರು ಬಗ್ಗಿ ಕೆಳಗಿನ ಹಲಗೆ ತೆಗೆಸಿ, ಮೊಬೈಲಿನ ಬೆಳಕು ಬಿಟ್ಟು ನೋಡಿ ತುಟಿ ಬಿಗಿದರು. ತಂತಿಗಳಿಗೆ ತುಕ್ಕು. ಮರಕ್ಕೆ ಹುಳ.

"ಸುಳ್ಳು ಹೇಳಲ್ಲ ನೋಡಿ," ಎಂದರು ಗಣೇಶಮೂರ್ತಿ. "ಮಳೆಗಾಲಕ್ಕೆ ಮಲಗ್ತಾವೆ ಅವು. ಬೇಸಿಗೆಗೆ ಕೆಲವು ಏಳ್ತಾವೆ. ಅಕ್ಕ ಇದ್ದಾಗ್ಲೂ ಹಾಗೇ."

*

ಹೊಸನಗರದ್ದು ದುರ್ಗೇಶ್ ಎಂಬವನ ಹೋಂಸ್ಟೇ. ಬಂದವರಿಗೆ ಚೆಂದ ಕಾಣಲೆಂದು ಬೆಂಗಳೂರಿನಿಂದ ಎರಡನೇ ಕೈಯ ಜಪಾನಿನ ಪಿಯಾನೊ ತರಿಸಿದ್ದ. ಬಂದವರು ಅದರ ಮೇಲೆ ಟೀ ಲೋಟ ಇಟ್ಟರೇ ಹೊರತು ಮುಚ್ಚಳ ತೆಗೆಯಲಿಲ್ಲ. "ಒಬ್ರು ಇದ್ರೊಳಗೆ ಟಿವಿ ಇದ್ಯಾ ಅಂತ ಕೇಳಿದ್ರು ಮಾರಾಯ್ರೆ," ಎಂದ.

ಕಪ್ಪು, ನುಣ್ಣಗೆ, ಎತ್ತರ. ಭವ್ಯಾ ಕೂತಳು. ಎಡತುದಿಯಿಂದ ಬಲತುದಿಯವರೆಗೆ ಒಂದೊಂದೇ ಕೀ ಒತ್ತಿದಳು. ಬೇಗ ಒತ್ತಿದಳು, ಮೆತ್ತಗೆ ಒತ್ತಿದಳು, ಒತ್ತಿ ಹಿಡಿದು ಕಿವಿ ಕೊಟ್ಟಳು. ಆಮೇಲೆ ತಾನು ಕಲಿಯುತ್ತಿದ್ದ ಪಾಠವನ್ನು ಶುರು ಮಾಡಿದವಳು ಸುತ್ತ ಜನ ಇದ್ದಾರೆಂಬುದನ್ನೇ ಮರೆತಳು. ಟೀಚರು ಕಣ್ಣು ಮುಚ್ಚಿ ತಲೆಯಾಡಿಸಿದರು. ರಾಜೇಂದ್ರ ದುರ್ಗೇಶನ ಹೆಗಲಿಗೆ ಕೈ ಹಾಕಿಕೊಂಡು ವ್ಯಾಪಾರಕ್ಕೆ ಹೊರಗೆ ಹೋದ.

ಕೆರಿಯಮ್ಮ ಪಿಯಾನೊದ ಪಕ್ಕ ಹೋಗಿ ನಿಂತಳು. ಅದರ ತಲೆ ಅವಳ ಗದ್ದಕ್ಕೆ ಬಂತು.

ಆ ರಾತ್ರಿ ಸುಷ್ಮಾ ಬೆಳಿಗ್ಗೆಯ ಮೀನುಸಾರನ್ನೇ ಬಿಸಿ ಮಾಡಿ ಬಡಿಸಿದಳು. ಮೊದಲ ತುತ್ತಿಗೇ ಮಾತು ಬಂತು.

"ತೀರ್ಥಹಳ್ಳಿದೇ ಇರ್ಲಿ," ಎಂದಳು ಕೆರಿಯಮ್ಮ. "ಅದ್ರ ದನಿ ಕೇಳಿದ್ರಾ? ಮನುಷ್ಯರ ಹಾಗೆ ಇತ್ತು. ಆ ಕಪ್ಪಿಂದು ತೆಂಗಿನ ಚಿಪ್ಪಿಗೆ ಕಲ್ಲು ಬಡಿದಂಗೆ."

"ಅಜ್ಜಿ, ಅದ್ರಲ್ಲಿ ಅರ್ಧ ಕೀ ಏಳಲ್ಲ."

"ರಿಪೇರಿ ಮಾಡ್ಸಿದ್ರೆ ಆಯ್ತು. ನಿಮ್ಮಪ್ಪ ಹಳೇ ಟ್ರ್ಯಾಕ್ಟ್ರನ್ನೇ ಎಬ್ಬಿಸ್ತಾನೆ."

"ಟ್ರ್ಯಾಕ್ಟ್ರಿಗೆ ಸ್ಪೇರ್ ಸಿಗತ್ತವ್ವ," ಎಂದ ರಾಜೇಂದ್ರ ಮುಳ್ಳು ತೆಗೆಯುತ್ತಾ.

"ಹಳೇದು ಅಂದ್ರೆ ಎಲ್ರಿಗೂ ಸಸಾರ."

"ಹಳೇದು ಅಂತ ಅಲ್ಲ ಅಜ್ಜಿ, ಕೆಟ್ಟೋಗಿದೆ ಅಂತ." ಭವ್ಯಾಳ ದನಿ ಏರಿತು. "ನಿಜ ಹೇಳು. ನಿಂಗೆ ಅದ್ರ ದನಿ ಇಷ್ಟ ಆಯ್ತಾ, ಅದು ಗಿಡ್ಡ ಇದೆ ಅಂತ ಇಷ್ಟ ಆಯ್ತಾ? ಚಿತ್ತಾರ ಮೇಲೆ ಕಾಣತ್ತೆ ಅಂತ ತಾನೆ?"

ರಾಜೇಂದ್ರ, "ಏಯ್," ಎಂದ. ಕೆರಿಯಮ್ಮ ತಟ್ಟೆಯನ್ನೇ ನೋಡುತ್ತಾ ಅನ್ನ ಕಲಸಿದಳು, ಕಲಸಿದ್ದನ್ನೇ ಮತ್ತೆ ಕಲಸಿದಳು. ಸುಷ್ಮಾ ಎದ್ದು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು, ಮಗಳಿಗೆ "ಕೈ ತೊಳ್ಕೊ," ಎಂದಷ್ಟೇ ಹೇಳಿದಳು.

*

ಮರುದಿನದಿಂದ ಅಜ್ಜಿ ಮೊಮ್ಮಗಳು ಮಾತಾಡಲಿಲ್ಲ. ದಿನಾ ಬೆಳಿಗ್ಗೆ ಭವ್ಯಾಳ ಜಡೆ ಹಾಕುತ್ತಿದ್ದವಳು ಕೆರಿಯಮ್ಮ. ಈಗ ಹುಡುಗಿ ತಾನೇ ಹಾಕಿಕೊಂಡು, ಒಂದು ಜಡೆ ಕಿವಿಯ ಹಿಂದೆ, ಇನ್ನೊಂದು ಕತ್ತಿನ ಮೇಲೆ ಇಳಿಬಿಟ್ಟು ಕಾಲೇಜಿಗೆ ಹೋದಳು. ಕೆರಿಯಮ್ಮ ಅಡಿಗೆಮನೆಯ ಕಿಟಕಿಯಿಂದ ಅದನ್ನು ನೋಡಿದಳು. ಹಲಸಿನಕಾಯಿ ಬಿಡಿಸುವ ಕಾಲ. ಮೊದಲೆಲ್ಲ ಇಬ್ಬರೂ ಕೈಗೆ ಎಣ್ಣೆ ಸವರಿಕೊಂಡು ಎದುರುಬದುರು ಕೂರುತ್ತಿದ್ದರು. ಈ ಸಲ ಕೆರಿಯಮ್ಮ ಒಬ್ಬಳೇ ಬಿಡಿಸಿದಳು. ರಾಜೇಂದ್ರ ಇಬ್ಬರ ನಡುವೆ ಅಂಚೆಯವನಾದ. "ನಿಮ್ಮಜ್ಜಿ ಕಾಫಿ ಕುಡೀಬೇಕಂತೆ." "ನಿನ್ನ ಮೊಮ್ಮಗಳಿಗೆ ಹಸಿವಿಲ್ವಂತೆ." ದುರ್ಗೇಶ ಎರಡು ಸಲ ಫೋನ್ ಮಾಡಿದ. ಶಿವಮೊಗ್ಗದವರು ಯಾರೋ ಕೇಳುತ್ತಿದ್ದಾರೆ, ಬೇಕೋ ಬೇಡವೋ ಹೇಳಿ ಎಂದ. ಹೇಳುವವರು ಯಾರೂ ಇರಲಿಲ್ಲ. ಅವ್ವನ ಬಾಯಿಂದ ಹೂಂ ಬಾರದೆ ಹಸೆಗೋಡೆಯನ್ನು ಮುಟ್ಟುವ ಧೈರ್ಯ ರಾಜೇಂದ್ರನಿಗೂ ಇರಲಿಲ್ಲ.

ಒಂದು ಸಂಜೆ ಕೆರಿಯಮ್ಮ ಮಿಡಿ ಉಪ್ಪಿನಕಾಯಿಯ ಬಾಟಲಿ ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿನ ಬೀದಿಗೆ ಹೋದಳು. ಸೆಲೀನ್ ಟೀಚರ ಮನೆಯೊಳಗೆ ಪಾಠ ನಡೆದಿತ್ತು. ಅವಳು ಜಗಲಿಯ ಕಟ್ಟೆಯ ಮೇಲೆ, ಬಾಗಿಲ ಈಚೆ ಕೂತಳು. ಬಾಗಿಲ ಈಚೆ ಕೂತು ಕೇಳುವುದು ಅವಳಿಗೆ ಹೊಸದಲ್ಲ.

ನುಡಿಸುತ್ತಿದ್ದದ್ದು ಭವ್ಯಾ. ಒಂದು ಸಾಲು, ಎಡಗೈಯದು. ಅರ್ಧಕ್ಕೆ ತೊಡರಿತು.

"ಇನ್ನೊಮ್ಮೆ," ಎಂದರು ಟೀಚರು.

ಮತ್ತೆ ಅದೇ ಸಾಲು. ಅಲ್ಲೇ ತೊಡರಿತು. "ಇನ್ನೊಮ್ಮೆ." ಮತ್ತೆ. ಬೈಗುಳವಿಲ್ಲ, ಹೊಗಳಿಕೆಯಿಲ್ಲ.

ಹೂವಕ್ಕ ಹೀಗೇ. ಒಲೆಯ ಹಿಂದಿನ ಗೋಡೆಯ ಮೇಲೆ ತಂಗಿಗೆ ಎಳೆ ಎಳೆಯಲು ಕಲಿಸುತ್ತಿದ್ದಳು. ತಪ್ಪಿದರೆ ಒದ್ದೆ ಬಟ್ಟೆಯಿಂದ ಒರೆಸಿ, "ಮತ್ತೆ ಎಳಿ," ಎನ್ನುತ್ತಿದ್ದಳು. ಆ ಗೋಡೆ ನಡುವೆ ಒಂದು ಕಡೆ ಉಬ್ಬಿತ್ತು. ಕೆರಿಯಮ್ಮ ಆ ಉಬ್ಬನ್ನು ಬಳಸಿ ಬಳಸಿ ಎಳೆದು ಕಲಿತಳು. ಕಲಿತಾಯಿತೆಂದು ಮದುವೆಮನೆಯ ಸಮ ಗೋಡೆಗೆ ನಿಂತರೆ ಅವಳ ಎಳೆ ನಡುವೆ ಬಂದಲ್ಲಿ ತಾನಾಗಿ ಬಾಗಿತು. ಎಷ್ಟು ಒರೆಸಿ ಎಳೆದರೂ ಅಲ್ಲೇ ಬಾಗಿತು. "ತಪ್ಪು ನಂದು ಕಣೆ ಕೆರಿ. ಒಳ್ಳೇ ಗೋಡೇಲಿ ಕಲಿಸಬೇಕಿತ್ತು," ಎಂದು ಹೂವಕ್ಕ ಕುಂಚವನ್ನು ತಾನೇ ತೆಗೆದುಕೊಂಡಿದ್ದಳು. ಅಂದಿನಿಂದ ಅಕ್ಕನದು ಬರೆಯುವ ಕೈ, ತಂಗಿಯದು ಹಾಡುವ ಬಾಯಿ.

ಪಾಠ ಮುಗಿದು ಭವ್ಯಾ ಹಿತ್ತಲ ದಾರಿಯಿಂದ ಹೋದಳು. ಟೀಚರು ಹೊರಗೆ ಬಂದು, "ಅಯ್ಯೋ, ಯಾವಾಗ ಬಂದ್ರಿ? ಒಳಗೆ ಬರೋದಲ್ವಾ?" ಎಂದರು.

"ಟೀಚರಮ್ಮ, ಆ ತೀರ್ಥಹಳ್ಳಿದು ಆಗದೇ ಇಲ್ವಾ?"

ಸೆಲೀನ್ ಟೀಚರು ಉಪ್ಪಿನಕಾಯಿಯ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಯೋಚಿಸಿದರು. "ಅದ್ರ ನಾದ ನಂಗೂ ಇಷ್ಟ ಆಯ್ತಮ್ಮ. ಆದ್ರೆ ಏಳದ ಕೀ ಇದ್ಯಲ್ಲ, ಮಕ್ಕಳು ಅದಕ್ಕೆ ಹೊಂದಿಕೊಂಡು ಬಿಡ್ತಾರೆ. ಅಲ್ಲಿಗೆ ಬಂದಾಗ ಬೆರಳು ನಿಧಾನ ಮಾಡ್ತಾವೆ. ಆಮೇಲೆ ಒಳ್ಳೇ ಪಿಯಾನೊ ಕೊಟ್ರೂ ನಿಧಾನ ಮಾಡ್ತಾವೆ. ಬಿಡಿಸೋಕೆ ಆಗಲ್ಲ."

"ಹೌದು," ಎಂದಳು ಕೆರಿಯಮ್ಮ. "ಆಗಲ್ಲ."

ಮನೆಗೆ ಬಂದು ಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ಸಿಗಂದೂರಮ್ಮನ ಪಟಕ್ಕೆ ಕೈ ಮುಗಿದು, ಟಿವಿ ನೋಡುತ್ತಿದ್ದ ಮಗನಿಗೆ ಹೇಳಿದಳು: "ಆ ಹುಡುಗಂಗೆ ಫೋನ್ ಮಾಡು. ಕಪ್ಪಿಂದೇ ಇರ್ಲಿ."

ರಾಜೇಂದ್ರ ಟಿವಿಯ ಸದ್ದು ತಗ್ಗಿಸಿದ. "ಮತ್ತೆ ಗೋಡೆ?"

"ತೊಳೀತೀನಿ."

ಒಳಗೆ ಓದುತ್ತಾ ಕೂತಿದ್ದ ಭವ್ಯಾ ಬಾಗಿಲಿಗೆ ಬಂದು ನಿಂತಳು. "ಅಜ್ಜಿ, ನಾ ಅವತ್ತು ಹಂಗೆ ಅನ್ಬಾರ್ದಿತ್ತು."

"ಎರಡಕ್ಕೂ ಇಷ್ಟ ಆಗಿತ್ತು ಕಣೆ," ಎಂದಳು ಕೆರಿಯಮ್ಮ. "ದನಿಗೂ ಇಷ್ಟ ಆಗಿತ್ತು, ಗಿಡ್ಡ ಇತ್ತು ಅಂತಾನೂ ಇಷ್ಟ ಆಗಿತ್ತು. ಬಾಚಣಿಗೆ ತಗಂಬಾ. ಜಡೆ ನೋಡು, ಕೋಳಿ ಕೆದರಿದಂಗೆ ಇದೆ."

*

ಚಿತ್ತಾರ ತೊಳೆಯುವಾಗ ಮೊದಲ ನೀರು ಮುತ್ತೈದೆಯ ಕೈಯದಾಗಬೇಕು. ಕೆರಿಯಮ್ಮ ಗಂಡ ಇಲ್ಲದವಳು. ಬೆಳಿಗ್ಗೆ ಗೋಡೆಯ ಮುಂದೆ ದೀಪ ಇಟ್ಟು, ಎರಡು ವೀಳ್ಯದೆಲೆ ಇಟ್ಟು, ತಾಮ್ರದ ತಂಬಿಗೆಯಲ್ಲಿ ನೀರು ತಂದು ಸೊಸೆಯನ್ನು ಕರೆದಳು. ಸುಷ್ಮಾ ತಿಂಡಿಯ ಡಬ್ಬಿಗಳಿಗೆ ಚಿತ್ರಾನ್ನ ತುಂಬುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು ಬಂದಳು.

"ಮೊದಲ ನೀರು ನೀನು ಹಾಕು."

ಸುಷ್ಮಾ ತಂಬಿಗೆ ತೆಗೆದುಕೊಳ್ಳಲಿಲ್ಲ.

"ಈಗ ಕರೀತಿದೀರಾ ಅತ್ತೆ?"

"ಈಗಲ್ದೆ ಇನ್ಯಾವಾಗ? ಮಧ್ಯಾಹ್ನ ಪಿಯಾನೊ ಬರತ್ತೆ."

"ಅದಲ್ಲ." ಸುಷ್ಮಾಳ ದನಿ ಎಂದಿನ ಹಾಗೇ ಇತ್ತು, ಏರಿರಲಿಲ್ಲ. "ಇಷ್ಟು ದಿನದಿಂದ ಈ ಗೋಡೆಗೆ ಜಗಳ ನಡೀತಿದೆ. ನೀವು ನಿಮ್ಮ ಅಕ್ಕನ ಗೋಡೆ ಅಂದ್ರಿ. ಇವ್ರು ನನ್ನ ಮನೆ ಗೋಡೆ ಅಂದ್ರು. ಅವಳು ನನ್ನ ಪಿಯಾನೊ ಗೋಡೆ ಅಂದ್ಲು. ಇದು ಯಾರ ಮದ್ವೆಗೆ ಬರ್ದಿದ್ದು? ಇದ್ರ ಮುಂದೆ ಕೂತೋಳು ಯಾರು? ನನ್ನ ಒಬ್ರಾದ್ರೂ ಕೇಳಿದ್ರಾ?"

ರಾಜೇಂದ್ರ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಚ್ಚಲ ಬಾಗಿಲಲ್ಲಿ ನಿಂತ. ಕೆರಿಯಮ್ಮ ತಂಬಿಗೆಯನ್ನು ನೆಲಕ್ಕಿಟ್ಟಳು. ಅವಳಿಗೆ ಇದು ಹೊಳೆದೇ ಇರಲಿಲ್ಲ. ಗೋಡೆಯ ನಡುವಿನ ದಂಡಿಗೆಯಲ್ಲಿ ಕೂತ ಹೆಣ್ಣುಗೊಂಬೆ ಈ ಸೊಸೆ ಎಂದು ಅವಳು ಇಷ್ಟು ವರ್ಷ ಒಂದು ಸಲವೂ ನೋಡಿರಲಿಲ್ಲ.

"ಬ್ಯಾಡ ಅಂತೀಯಾ?" ಎಂದು ಮೆಲ್ಲಗೆ ಕೇಳಿದಳು.

"ಬೇಡ ಅನ್ನಲ್ಲ. ನನ್ನ ಮಗಳಿಗೇ ತಾನೆ. ಕೇಳ್ಬೇಕಿತ್ತು ಅಂದೆ ಅಷ್ಟೆ." ಸುಷ್ಮಾ ಗೋಡೆಯ ಹತ್ತಿರ ಹೋದಳು. "ಅವತ್ತು ಬಣ್ಣ ಇನ್ನೂ ಒಣಗಿರ್ಲಿಲ್ಲ ಅತ್ತೆ. ನನ್ನ ಧಾರೆ ಸೀರೆ ಬೆನ್ನಿಗೆಲ್ಲಾ ಬಿಳಿ ಹತ್ತಿತ್ತು. ನಾನು ಹೆದ್ರಿ ಕೂತಿದ್ದೆ. ಹೂವಮ್ಮ ದೊಡ್ಡತ್ತೆ ಪಕ್ಕಕ್ಕೆ ಬಂದು ಕಿವೀಲಿ ಹೇಳಿದ್ರು, 'ಹೆದರ್ಬ್ಯಾಡ ಮಗ, ಈ ಗೋಡೆಯೂ ನಿನ್ನಂಗೆ ಹೊಸದು, ಇಬ್ರೂ ಒಟ್ಟಿಗೆ ಒಣಗ್ತೀರಿ' ಅಂತ. ನಂಗೆ ನಗು ಬಂದ್ಬಿಡ್ತು. ಮದ್ವೆ ಫೋಟೋದಲ್ಲಿ ನಾನು ನಗ್ತಿರೋದು ಅದಕ್ಕೆ."

ರಾಜೇಂದ್ರ ಬಾಯಿ ತೊಳೆದು ಬಂದು ಮೊಬೈಲಿನಲ್ಲಿ ಗೋಡೆಯ ಫೋಟೋ ತೆಗೆದ. ಆಮೇಲೆ ಸುಷ್ಮಾ ತಂಬಿಗೆ ತೆಗೆದುಕೊಂಡು ನೀರು ಎರಚಿದಳು. ಅಕ್ಕಿಯ ಬಿಳಿ ಮೊದಲು ಹೋಯಿತು. ಕೆಮ್ಮಣ್ಣು ನಿಧಾನವಾಗಿ ಇಳಿಯಿತು. ಅತ್ತೆ ತೊಳೆದಳು, ಸೊಸೆ ನೆಲದ ಕೆಂಪುನೀರನ್ನು ಬಟ್ಟೆಯಲ್ಲಿ ಹಿಂಡಿ ಹಿಂಡಿ ಬಕೆಟಿಗೆ ತುಂಬಿದಳು. ಕೆರಿಯಮ್ಮ ತೊಳೆಯುವಾಗ ಬಾಯೊಳಗೇ ಹಸೆಹಾಡು ಹೇಳಿದಳು, ಬರೆಯುವಾಗ ಹೇಳಿದ್ದೇ. ಆ ನೀರನ್ನು ಯಾರೂ ತುಳಿಯಬಾರದೆಂದು ತೆಂಗಿನ ಬುಡಕ್ಕೆ ಹೊಯ್ದರು. ಒಳಗೆ ಉಳಿದದ್ದು ಸುಣ್ಣವೂ ಎದ್ದುಹೋದ ಬೂದು ಬಣ್ಣದ ಸಿಮೆಂಟು.

ಮಧ್ಯಾಹ್ನದ ಬದಲು ಪಿಯಾನೊ ಬಂದದ್ದು ಮರುದಿನ ಸಂಜೆ. ದುರ್ಗೇಶನ ಜೊತೆ ಬಂದ ನಾಲ್ಕು ಜನ ಅದನ್ನು ಇಳಿಸಿ, ಗೋಡೆಯಿಂದ ಒಂದು ಗೇಣು ಬಿಟ್ಟು ನಿಲ್ಲಿಸಿದರು. ನೆಲಕ್ಕೆ ಗೀರಾಗಬಾರದೆಂದು ಅದರ ಗಾಲಿಗಳ ಅಡಿಗೆ ಗಾಜಿನ ಬಟ್ಟಲು ಕೊಟ್ಟರು. ಮರುದಿನ ಬೆಳಿಗ್ಗೆ ಭವ್ಯಾ ಎದ್ದು ಬಂದು ನೋಡಿದರೆ ನಾಲ್ಕೂ ಬಟ್ಟಲಿನಲ್ಲಿ ನೀರು.

"ಅಜ್ಜೀ! ಇದ್ಯಾರು ನೀರು ಹಾಕಿದ್ದು?"

"ನಾನೇ. ಇರುವೆಗೆ ಅಂತ ತಾನೆ ಬಟ್ಟಲು ಕೊಟ್ಟಿರೋದು? ತುಪ್ಪದ ಕಪಾಟಿಗೆ ಇಡಲ್ವಾ?"

"ಇದ್ರಲ್ಲಿ ತುಪ್ಪ ಇಲ್ಲ ಅಜ್ಜಿ! ಥಂಡಿ ಆಗತ್ತೆ, ಕೆಟ್ಟೋಗತ್ತೆ!"

"ಇರುವೆಗೇನು ಗೊತ್ತು ಒಳಗೆ ಏನಿದೆ ಅಂತ?" ಎಂದಳು ಕೆರಿಯಮ್ಮ. ಆದರೂ ಮೊಮ್ಮಗಳ ಜೊತೆ ನೆಲದ ಮೇಲೆ ಮಲಗಿ, ಹತ್ತಿಯಿಂದ ನಾಲ್ಕೂ ಬಟ್ಟಲು ಒರೆಸಿದಳು. ರಾಜೇಂದ್ರ ಈ ಕಥೆಯನ್ನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದ.

*

ಆಮೇಲೆ ಮನೆಯ ಹೊತ್ತುಗೊತ್ತು ಬದಲಾಯಿತು. ಬೆಳಿಗ್ಗೆ ಕಾಫಿಗೆ ಮುಂಚೆ ಭವ್ಯಾಳ ಎಡಗೈ, ಕಾಫಿಯಾದ ಮೇಲೆ ಬಲಗೈ. ಸುಷ್ಮಾ ಮಿಕ್ಸಿ ಹಾಕಲು ಅನುಮತಿ ಕೇಳಬೇಕಾಯಿತು. ಭಾನುವಾರದ ನಿದ್ದೆಗೆ ರಾಜೇಂದ್ರ ಕಿವಿಗೆ ಹತ್ತಿ ಇಟ್ಟುಕೊಂಡ. ಕೆರಿಯಮ್ಮ ಅಕ್ಕಿ ಆರಿಸುವುದನ್ನು ನಡುಮನೆಯಲ್ಲೇ ಮುಂದುವರಿಸಿದಳು. ಚಿಪ್ಪಿಗೆ ಕಲ್ಲು ಬಡಿದಂತೆ ಕೇಳುತ್ತಿದ್ದದ್ದು ದಿನ ಕಳೆದಂತೆ ಅಷ್ಟು ಕೇಳಿಸಲಿಲ್ಲ. ಒಂದು ಸಾಲು ತೊಡರಿದರೆ ಅವಳೇ ಮೊರದಿಂದ ತಲೆ ಎತ್ತದೆ, "ಮತ್ತೆ," ಎನ್ನುತ್ತಿದ್ದಳು. "ಗೊತ್ತು ಅಜ್ಜಿ," ಎಂದು ಭವ್ಯಾ ಸಿಡುಕುತ್ತಿದ್ದಳು, ಸಿಡುಕಿ ಮತ್ತೆ ನುಡಿಸುತ್ತಿದ್ದಳು.

ಮಾವಿನ ಹಣ್ಣು ಮುಗಿಯುವ ಹೊತ್ತಿಗೆ ಒಂದು ಶನಿವಾರ ಸುಷ್ಮಾ ಆಟೋದಿಂದ ಇಳಿದಳು. ಕೈಯಲ್ಲಿ ಪೇಪರು ಸುತ್ತಿದ ಅಗಲವಾದ ಹಲಗೆ. ನಡುಮನೆಗೆ ತಂದು ಬಿಚ್ಚಿದಳು. ನುಣುಪಾದ ಪ್ಲೈವುಡ್ಡು, ಅದಕ್ಕೆ ಕೆಮ್ಮಣ್ಣಿನ ಬಣ್ಣ ಹೊಡೆಸಿದ್ದಳು. ಜೊತೆಗೆ ರಾಜೇಂದ್ರನ ಮೊಬೈಲಿನ ಫೋಟೋವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ತಂದಿದ್ದಳು. ದಂಡಿಗೆ, ಹೆಣ್ಣುಗಂಡು, ಐದೆಳೆ, ಸಾಲುಹಕ್ಕಿ ಎಲ್ಲ ಸ್ಪಷ್ಟವಾಗಿತ್ತು. ಹೊಸ ಪುಂಡಿನಾರು ಕೂಡ ಸಂತೆಯಿಂದ ತಂದಿದ್ದಳು.

"ಅತ್ತೆ, ಇದ್ರ ಮೇಲೆ ಬರ್ದುಕೊಡಿ. ಇದ್ದ ಹಾಗೇ. ಪಿಯಾನೊ ಮೇಲೆ ತೂಗುಹಾಕೋಣ. ನೀವು ಮುಚ್ಚಿಡಬಾರ್ದು ಅಂದ್ರಲ್ಲ, ಇದು ಕಾಣತ್ತೆ."

"ಚೆನ್ನಾಗಿರತ್ತೆ ಅವ್ವ," ಎಂದ ರಾಜೇಂದ್ರ. "ಮೊಳೆ ನಾ ಹೊಡೀತೀನಿ."

ಭವ್ಯಾ ನುಡಿಸುವುದನ್ನು ನಿಲ್ಲಿಸಿ ಹಿಂದೆ ತಿರುಗಿದಳು.

ಕೆರಿಯಮ್ಮ ಫೋಟೋವನ್ನು ಕೈಗೆ ತೆಗೆದುಕೊಂಡಳು. ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದಳು. ಒಂದೊಂದು ಎಳೆಯ ಮೇಲೂ ಬೆರಳು ಓಡಿಸಿದಳು. ದಂಡಿಗೆಯ ಹೆಣ್ಣಿನ ಹತ್ತಿರ ಬೆರಳು ನಿಂತಿತು. ತಲೆ ಎತ್ತಿ ಸೊಸೆಯ ಮುಖ ನೋಡಿದಳು. ಮತ್ತೆ ಫೋಟೋ ನೋಡಿದಳು. ಆಮೇಲೆ ಅದನ್ನು ಸುಷ್ಮಾಳ ಕೈಗೇ ವಾಪಸು ಕೊಟ್ಟಳು.

"ಇದು ನೀ ಇಟ್ಕೊ. ನಿನ್ನ ಪೆಟ್ಟಿಗೇಲಿ, ಧಾರೆ ಸೀರೆ ಜೊತೆ."

"ಹಲಗೆ?"

"ಬ್ಯಾಡ."

"ನನಗೋಸ್ಕರ ಕೇಳ್ತಿದೀನಿ ಅತ್ತೆ. ಒಂದೇ ಒಂದು ಸಲ."

"ಬರಿಯಲ್ಲ ಸುಷ್ಮಾ," ಎಂದಳು ಕೆರಿಯಮ್ಮ. "ನಿನ್ನ ಹಸೆ ಹೂವಕ್ಕ ಬರ್ದಾಗಿದೆ. ಅದನ್ನ ಇನ್ನೊಂದು ಸಲ ಯಾರೂ ಬರಿಯಕ್ಕಾಗಲ್ಲ. ನಾನಂತೂ ಬರಿಯಲ್ಲ."